ಸಡಿಲ ಸೊಂಟಕ್ಕೆ ಬಿದ್ದ ಚಪ್ಪಾಳೆ

(ಪುಣೆಯ ಕೋಥ್ರೂಡ್‌ನಲ್ಲಿ ನಮ್ಮ ಕನ್ನಡ ಬಳಗದವರು ಸೇರಿದ್ದಾಗ ಆಡಿದ ಮಾತು. ಆಮೇಲೆ ಮನೆಯಲ್ಲಿ ಕೂತು ಬರೆದದ್ದು. ನಾನು ತಡವರಿಸಿದ್ದನ್ನು ತೆಗೆದಿದ್ದೇನೆ. ನಡುವೆ ಅಜ್ಜಿ ಬಾಯಿ ಹಾಕಿದ್ದನ್ನು ತೆಗೆದಿಲ್ಲ, ತೆಗೆದರೆ ಮನೆಯಲ್ಲಿ ಊಟ ಸಿಗಲ್ಲ.)

ಎಲ್ಲರಿಗೂ ನಮಸ್ಕಾರ.

ಮೊದಲು ಈ ಎಕ್ಸ್‌ರೇ ತಗೊಳ್ಳಿ. ಮುಂದಿನ ಸಾಲಿನಿಂದ ಹಿಂದಕ್ಕೆ ದಾಟಿಸುತ್ತಾ ಹೋಗಿ. ಟ್ಯೂಬ್‌ಲೈಟ್ ಕಡೆ ಎತ್ತಿ ಹಿಡಿದರೆ ಚೆನ್ನಾಗಿ ಕಾಣುತ್ತದೆ. ಅಂಚಿನಲ್ಲಿ ಹಿಡಿಯಿರಿ, ಬೆರಳಿನ ಗುರುತು ಬೀಳುತ್ತದೆ. ಅದು ನನ್ನ ಸೊಂಟ.

ಹೋದ ವರ್ಷ ಇದೇ ಹಾಲ್‌ನಲ್ಲಿ ನನಗೆ ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು ಸನ್ಮಾನ ಮಾಡಿದ್ದಿರಿ. ಸ್ಕೇಟಿಂಗ್‌ನಲ್ಲಿ ಪದಕ ಬಂದಿತ್ತು ಅಂತ. ಏನಾದರೂ ಮಾಡಿ ತೋರಿಸು ಅಂದಿರಿ. ನಾನು ಇಲ್ಲೇ, ಈ ಮೈಕಿನ ಪಕ್ಕದಲ್ಲೇ, ಒಂದು ಕಾಲನ್ನು ಹಿಂದಿನಿಂದ ಎತ್ತಿ ಎರಡೂ ಕೈಯಲ್ಲಿ ಹಿಡಿದು ತಲೆಯ ಮೇಲಕ್ಕೆ ಎಳೆದು ನಿಂತಿದ್ದೆ. ಚಪ್ಪಾಳೆಯೋ ಚಪ್ಪಾಳೆ. ಮುಂದೆ ಕೂತಿದ್ದ ಕಾಕಾ ಒಬ್ಬರು, "ಎಲುಬೇ ಇಲ್ಲೇನು ಈ ಹುಡುಗಿಗೆ!" ಅಂದರು. ಎಲ್ಲರೂ ನಕ್ಕಿದ್ದಿರಿ.

ಕಾಕಾ ಇವತ್ತೂ ಬಂದಿದ್ದಾರೆ. ಕಾಕಾ, ನೀವು ಹೇಳಿದ್ದು ಅರ್ಧ ನಿಜ ಆಯಿತು. ಎಲುಬು ಇದೆ. ಇರಬೇಕಾದಷ್ಟು ಇಲ್ಲ.

ಬರುವ ಬುಧವಾರ ನನ್ನ ಎಡ ಸೊಂಟಕ್ಕೆ ಆಪರೇಷನ್. ಕಾರ್ಯದರ್ಶಿಗಳು ನನಗೆ "ಸಾಧನೆಯ ಹಾದಿ" ಅನ್ನೋ ವಿಷಯ ಕೊಟ್ಟಿದ್ದರು. ನಾನು ಅವರ ಹತ್ತಿರ ಕೇಳಿಕೊಂಡೆ, ಅದನ್ನು ಬಿಟ್ಟು ಸೊಂಟದ ಬಗ್ಗೆ ಮಾತಾಡುತ್ತೇನೆ ಅಂತ. ಸೊಂಟ ನಿಮ್ಮೆಲ್ಲರಿಗೂ ಇದೆಯಲ್ವಾ.

ಸ್ಕೇಟಿಂಗ್ ಅಂದ ಕೂಡಲೇ ಜನ ಕೇಳುವುದು, "ಎಷ್ಟು ಸ್ಪೀಡು?" ಅಂತ. ನನ್ನದು ಓಟ ಅಲ್ಲ, ಫಿಗರ್ ಸ್ಕೇಟಿಂಗ್. ಹಾಡು ಹಚ್ಚುತ್ತಾರೆ, ಅದಕ್ಕೆ ಸರಿಯಾಗಿ ಜಾರಬೇಕು, ಗಿರಗಿರ ತಿರುಗಬೇಕು, ಹಾರಿ ಒಂದೇ ಕಾಲಿನ ಮೇಲೆ ಇಳಿಯಬೇಕು. ಐಸ್ ಮೇಲಾದರೆ ಒಂದು ಸುತ್ತು 2 ನಿಮಿಷ 40 ಸೆಕೆಂಡಿನದು, ಇನ್ನೊಂದು 4 ನಿಮಿಷದ್ದು. ಫಿಗರ್ ಅನ್ನೋ ಹೆಸರು ಬಂದದ್ದು ಸ್ಕೇಟಿನ ಅಂಚಿನಿಂದ ಐಸ್ ಮೇಲೆ ವೃತ್ತ, ಎಂಟರ ಆಕಾರ ಬರೆಯುತ್ತಿದ್ದುದರಿಂದ. 1990ರ ನಂತರ ಐಸ್ ಸ್ಪರ್ಧೆಗಳಲ್ಲಿ ಆ ಬರೆಯುವ ಭಾಗವನ್ನೇ ತೆಗೆದರು. ಗಾಲಿ ಸ್ಕೇಟಿಂಗ್‌ನಲ್ಲಿ ಇನ್ನೂ ಇದೆ. ನೆಲದ ಮೇಲೆ ವೃತ್ತ ಹಾಕಿರುತ್ತಾರೆ, ಗಾಲಿ ಆ ಗೆರೆ ಬಿಡಬಾರದು. ರಂಗೋಲಿ ಹಾಕುವವರಿಗೆ ಇದರ ಕಷ್ಟ ಬೇಗ ತಿಳಿಯುತ್ತದೆ.

ಪುಣೆಯಲ್ಲಿ ಬೆಳೆದವಳಿಗೆ ಐಸ್ ಎಲ್ಲಿಂದ ಬರಬೇಕು? ನಾನು ಕಲಿತದ್ದು ಗಾಲಿ ಮೇಲೆ, ನಮ್ಮ ಸೊಸೈಟಿಯ ಸಿಮೆಂಟ್ ನೆಲದಲ್ಲಿ, 6ನೇ ವಯಸ್ಸಿಗೆ. ಮಳೆಗಾಲದ ಮೂರು ತಿಂಗಳು ಪಾರ್ಕಿಂಗ್‌ನಲ್ಲಿ, ಸ್ಕೂಟರ್‌ಗಳ ನಡುವೆ. ಇದನ್ನು ಕಡಿಮೆ ಅಂದುಕೊಳ್ಳಬೇಡಿ. 2010ರ ಗ್ವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಅನೂಪ್ ಕುಮಾರ್ ಯಾಮ ಗಾಲಿ ಸ್ಕೇಟಿಂಗ್‌ನಲ್ಲೇ ಎರಡು ಕಂಚು ತಂದರು. ಒಂದು ಒಬ್ಬರೇ ಆಡಿ, ಇನ್ನೊಂದು ಅವನಿ ಪಾಂಚಾಲ್ ಜೊತೆಗೆ. ಹಾರುವ ಪಟ್ಟುಗಳ ಹೆಸರು ಗಾಲಿಗೂ ಐಸ್‌ಗೂ ಹೆಚ್ಚುಕಡಿಮೆ ಅವೇ. ಆಕ್ಸೆಲ್ ಪಾಲ್ಸೆನ್ ಅನ್ನೋ ನಾರ್ವೆಯವನು 1882ರಲ್ಲಿ ವಿಯೆನ್ನಾದಲ್ಲಿ ಒಂದು ಹಾರು ಹಾರಿದ. ಇವತ್ತಿಗೂ ಅದು ಆಕ್ಸೆಲ್.

ನನಗೆ ಆಮೇಲೆ ಐಸ್ ಹುಚ್ಚೂ ಹಿಡಿಯಿತು. ಗುರುಗ್ರಾಮದ ಒಂದು ಮಾಲ್‌ನೊಳಗಿನ ರಿಂಕ್‌ಗೆ ರಜೆ ಸಿಕ್ಕಾಗಲೆಲ್ಲ ಹೋಗುತ್ತಿದ್ದೆ. ಶಿಮ್ಲಾದಲ್ಲಿ 1920ರಿಂದ ಬಯಲು ರಿಂಕ್ ಇದೆ, ಚಳಿಗಾಲದಲ್ಲಿ ನೀರು ಬಿಟ್ಟರೆ ರಾತ್ರಿ ತಾನೇ ಹೆಪ್ಪುಗಟ್ಟುತ್ತದೆ. ಡೆಹ್ರಾಡೂನ್‌ನಲ್ಲಿ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆ ಅಂತ ದೊಡ್ಡ ರಿಂಕ್ ಕಟ್ಟಿಸಿ, ಆಮೇಲೆ ವರ್ಷಗಟ್ಟಲೆ ಬೀಗ ಹಾಕಿಟ್ಟರು. ಅಪ್ಪನ ಪಿಎಫ್ ಎಲ್ಲಿ ಕರಗಿತು ಅಂತ ಕೇಳಿದರೆ ಐಸ್ ಮೇಲೆ ಅನ್ನಬೇಕು.

ಈಗ ಸೊಂಟ. ನಿಮ್ಮ ಊರ ಮನೆಯ ಹಿತ್ತಲಲ್ಲಿ ಒರಳುಕಲ್ಲು ಇರಬಹುದು. ಅದರ ಗುಳಿಯಲ್ಲಿ ಗುಂಡುಕಲ್ಲು ಕೂರುತ್ತದೆ. ಗುಳಿ ಆಳ ಇದ್ದರೆ ಗುಂಡನ್ನು ಎಷ್ಟು ಜೋರಾಗಿ ತಿರುಗಿಸಿದರೂ ಆಚೆ ಹಾರಲ್ಲ. ಸೊಂಟದ ಕೀಲೂ ಹಾಗೇ. ತೊಡೆಮೂಳೆಯ ತುದಿ ಗುಂಡು, ಸೊಂಟದ ಮೂಳೆಯಲ್ಲಿ ಗುಳಿ. ಗುಳಿಯ ಬಾಯಿಗೆ ಸುತ್ತಲೂ ಒಂದು ಮೆತ್ತನೆಯ ಅಂಚು ಇರುತ್ತದೆ, ಲೇಬ್ರಮ್ ಅಂತಾರೆ. ಕುಕ್ಕರ್ ಮುಚ್ಚಳದ ಗ್ಯಾಸ್ಕೆಟ್ ಅಂದುಕೊಳ್ಳಿ. ಒಳಗಿನ ಪಸೆ ಹೊರಗೆ ಹೋಗದ ಹಾಗೆ ಅದು ಹಿಡಿದಿಡುತ್ತದೆ.

ನನ್ನ ಎಡಗಡೆಯ ಗುಳಿ ಆಳ ಇಲ್ಲ. ಒರಳಿನ ಬದಲು ತಟ್ಟೆ ಇಟ್ಟ ಹಾಗಿದೆ. ಗುಂಡಿನ ಮೇಲೆ ಚಾವಣಿ ಇರಬೇಕಲ್ಲ, ಅದು ಅರ್ಧಕ್ಕೇ ನಿಂತುಹೋಗಿದೆ. ಇದಕ್ಕೆ ಹಿಪ್ ಡಿಸ್‌ಪ್ಲೇಸಿಯಾ ಅಂತ ಹೆಸರು.

ಎಕ್ಸ್‌ರೇ ಈಗ ಯಾರ ಕೈಯಲ್ಲಿದೆ? ಮೌಶಿ, ಅದರಲ್ಲಿ ಎರಡೂ ಕಡೆ ಪೆನ್ಸಿಲ್ ಗೆರೆ ಇದೆ ನೋಡಿ. ಡಾಕ್ಟರು ನನಗೆ ಅರ್ಥ ಆಗಲಿ ಅಂತ ಎಳೆದದ್ದು. ಗುಂಡಿನ ನಡುಮಧ್ಯದಿಂದ ನೆಟ್ಟಗೆ ಮೇಲಕ್ಕೆ ಒಂದು ಗೆರೆ. ಅಲ್ಲಿಂದಲೇ ಚಾವಣಿಯ ಅಂಚಿಗೆ ಇನ್ನೊಂದು. ನಡುವಿನ ಕೋನವನ್ನು ಅಳೆಯುತ್ತಾರೆ. ಸ್ವೀಡನ್ನಿನ ವೈಬರ್ಗ್ ಅನ್ನೋ ವೈದ್ಯರು 1939ರಲ್ಲಿ ಹೇಳಿಕೊಟ್ಟ ಅಳತೆ, ಇನ್ನೂ ಅದೇ ನಡೀತಿದೆ. 25 ಡಿಗ್ರಿ ಇದ್ದರೆ ಚಿಂತೆ ಇಲ್ಲ. 20ಕ್ಕಿಂತ ಕಡಿಮೆ ಆದರೆ ಡಿಸ್‌ಪ್ಲೇಸಿಯಾ. ನನ್ನ ಬಲಗಡೆ 26. ಎಡಗಡೆ 14. ಪರೀಕ್ಷೆಯಲ್ಲಿ ಬಿಟ್ಟು ಎಲ್ಲೂ ನಾನು 14 ತಗೊಂಡಿರಲಿಲ್ಲ.

ಇಲ್ಲಿಂದ ಮುಂದಿನದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕಂದರೆ ಇದನ್ನು ಹೇಳಲಿಕ್ಕೇ ಬಂದಿದ್ದೇನೆ.

ನಾನು 9 ವರ್ಷದವಳಿದ್ದಾಗ ಒಂದು ಶಿಬಿರದಲ್ಲಿ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಯಾರ ಕಾಲು ಎಷ್ಟು ಎತ್ತರಕ್ಕೆ ಹೋಗುತ್ತದೆ ಅಂತ ನೋಡಿದರು. ಬೇರೆ ಹುಡುಗಿಯರು ಕಣ್ಣಲ್ಲಿ ನೀರು ತಂದುಕೊಂಡು ಎಳೆಯುತ್ತಿದ್ದರು. ನನ್ನ ಎಡಗಾಲು ಸುಮ್ನೆ ಮೇಲೆ ಹೋಯಿತು, ಬಾಗಿಲಿಗೆ ಎಣ್ಣೆ ಬಿಟ್ಟ ಹಾಗೆ. ಅವತ್ತೇ ನನ್ನನ್ನು ಮುಂದಿನ ಬ್ಯಾಚ್‌ಗೆ ಹಾಕಿದರು. ಆಮೇಲೆ ಹತ್ತು ವರ್ಷ ಎಲ್ಲರೂ ಹೊಗಳಿದ್ದು ಅದನ್ನೇ. ದೇವರು ಕೊಟ್ಟ ಮೈ, ಬೆಣ್ಣೆಯಂಥ ಸೊಂಟ. ತೀರ್ಪುಗಾರರು ಅಂಕ ಕೊಟ್ಟದ್ದೂ ಅದಕ್ಕೇ. ಬೀಲ್‌ಮನ್ ಅನ್ನೋ ಸ್ಪಿನ್ ಇದೆ, ಸ್ವಿಸ್ ಆಟಗಾರ್ತಿ ಡೆನಿಸ್ ಬೀಲ್‌ಮನ್ ಹೆಸರಿನದು. ಒಂದು ಕಾಲಿನ ಮೇಲೆ ತಿರುಗುತ್ತಲೇ ಇನ್ನೊಂದನ್ನು ಹಿಂದಿನಿಂದ ತಲೆ ಮೇಲಕ್ಕೆ ಎಳೆಯಬೇಕು. ಹೋದ ವರ್ಷ ನಿಂತಲ್ಲೇ ನಿಮಗೆ ತೋರಿಸಿದೆನಲ್ಲ, ಅದೇ.

ಅದು ಯಾಕೆ ಅಷ್ಟು ಸಲೀಸಾಗಿ ಬರುತ್ತಿತ್ತು? ತಡೆಯುವ ಅಂಚೇ ಇರಲಿಲ್ಲ. ಬೇರೆ ಹುಡುಗಿಯರ ಕಾಲು ಒಂದು ಹಂತಕ್ಕೆ ನಿಂತದ್ದು ಅವರ ಗುಳಿ ಸರಿಯಾಗಿ ಇದ್ದದ್ದರಿಂದ. ನನ್ನ ಕಾಲಿಗೆ ಬೇಡ ಅನ್ನುವ ಮೂಳೆ ಅಲ್ಲಿರಲಿಲ್ಲ. ಡಾಕ್ಟರು ಇನ್ನೊಂದು ಮಾತು ಹೇಳಿದರು. ಕಾಲನ್ನು ಹಿಂದಕ್ಕೆ ಎತ್ತಿದಾಗ ಗುಂಡು ಮುಂದಕ್ಕೆ ಒತ್ತುತ್ತದೆ. ನನಗೆ ಚಾವಣಿ ಕಡಿಮೆ ಇರುವುದು ಮುಂದುಗಡೆ ಮತ್ತು ಹೊರಗಡೆಯೇ. ಅಂದರೆ ಎಲ್ಲಿ ಗೋಡೆ ಇಲ್ಲವೋ ಅಲ್ಲಿಗೇ ನಾನು ದಿನಾ ಗುಂಡನ್ನು ನೂಕುತ್ತಿದ್ದೆ. ನೂಕಿದ್ದಕ್ಕೆ ಪದಕ ತಗೊಳ್ಳುತ್ತಿದ್ದೆ.

ಭರತನಾಟ್ಯದ ಮಕ್ಕಳ ತಾಯಂದಿರು ಇಲ್ಲಿ ಕೂತಿದ್ದೀರಿ. ಬ್ಯಾಲೆ ಮಾಡುವವರಲ್ಲೂ ಇಂಥ ಗುಳಿ ಸಿಗುವುದು ಅಪರೂಪ ಅಲ್ಲವಂತೆ. ಚೆನ್ನಾಗಿ ಬಾಗುವ ಮಕ್ಕಳನ್ನೇ ಆರಿಸಿ ಆರಿಸಿ ಮುಂದೆ ಕಳಿಸುತ್ತಾರಲ್ಲ. ಹೆದರಿಸುತ್ತಿಲ್ಲ. ಬಾಗುವ ಮಕ್ಕಳಿಗೆಲ್ಲ ಇದು ಇರಲ್ಲ. ಮಗು ತೊಡೆಸಂದು ನೋವು ಅಂದಾಗ "ಸ್ಟ್ರೆಚ್ ಮಾಡು, ಸರಿಹೋಗುತ್ತೆ" ಅನ್ನೋ ಮೊದಲು ಒಂದು ಎಕ್ಸ್‌ರೇ ತೆಗೆಸಿ, ಅಷ್ಟೇ.

ಇನ್ನು ಇಳಿಯುವ ಕಾಲು. ನಾನು ಎಡಚಿ. ಅಜ್ಜಿ ಎಡಗೈಯಲ್ಲಿ ಊಟ ಮಾಡುವುದನ್ನು ಬಿಡಿಸಿದಳು, ತಿರುಗುವುದನ್ನು ಬಿಡಿಸಲಿಕ್ಕೆ ಆಗಲಿಲ್ಲ. ಹೆಚ್ಚಿನ ಸ್ಕೇಟರ್‌ಗಳು ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿ ಬಲಗಾಲಿನ ಮೇಲೆ ಇಳಿಯುತ್ತಾರೆ. ನಾನು ಮುಳ್ಳು ತಿರುಗಿದ ಕಡೆಗೇ ತಿರುಗುತ್ತೇನೆ, ಎಡಗಾಲಿನ ಮೇಲೆ ಇಳಿಯುತ್ತೇನೆ. ಇಳಿಯುವಾಗ ಮೈತೂಕದ ಐದರಿಂದ ಎಂಟು ಪಟ್ಟು ಭಾರ ಆ ಒಂದು ಕಾಲಿನ ಮೇಲೆ ಬೀಳುತ್ತದೆ ಅಂತ ಲೆಕ್ಕ. ನನ್ನ ತೂಕ 50 ಕಿಲೋ. ಐದು ಪಟ್ಟು ಅಂದರೂ ಎರಡೂವರೆ ಕ್ವಿಂಟಲ್. ಅಜ್ಜಿಗೆ ಇದನ್ನು ಹೇಳಿದಾಗ ಅವಳು ಬೆರಳು ಮಡಚಿ, "ಎರಡೂವರಿ ಚೀಲ ಜ್ವಾಳ!" ಅಂದಳು. ಆಮೇಲೆ ಸುಮಾರು ಹೊತ್ತು ಮಾತಾಡಲಿಲ್ಲ. ದಿನಕ್ಕೆ ನಾನು 50 ಸಲ ಇಳಿಯುತ್ತಿದ್ದೆ.

ನೋವು ಶುರುವಾದದ್ದು 17ಕ್ಕೆ. ಮೊದಲು ನೋವು ಅಂತಲೂ ಅನಿಸಲಿಲ್ಲ. ಬಸ್ಸಿನಿಂದ ಇಳಿಯುವಾಗ ಚಳಕ್ ಅನ್ನೋದು. ಹೆಚ್ಚು ಹೊತ್ತು ಕೂತು ಎದ್ದರೆ ಕಟಕ್ ಅನ್ನೋ ಸದ್ದು. ನೋಡಿದವರೆಲ್ಲ ಸ್ನಾಯು ಹಿಡಿದಿದೆ ಅಂದರು. ಎರಡು ವರ್ಷ ಸ್ನಾಯು. ಒಂದು ಕಡೆ ಐಸ್ ಇಡು ಅಂದರು, ಇನ್ನೊಂದು ಕಡೆ ಬಿಸಿ ಶಾಖ ಕೊಡು ಅಂದರು. ಒಬ್ಬರು ನನ್ನ ಮುಖ ನೋಡದೆ, "ಸ್ಪರ್ಧೆ ಹತ್ತಿರ ಬಂದಾಗ ಮಕ್ಕಳಿಗೆ ಹೀಗೆಲ್ಲ ನೋವು ಬರುತ್ತೆ" ಅಂತ ಅಮ್ಮನಿಗೆ ಹೇಳಿದರು. ಅಮ್ಮ ಮನೆಗೆ ಬಂದು ನನ್ನ ಮೇಲೇ ಸಿಟ್ಟಾದಳು. ಆ ಎರಡು ವರ್ಷದಲ್ಲಿ ಯಾರೂ ಒಂದು ಎಕ್ಸ್‌ರೇ ತೆಗೆಸಲಿಲ್ಲ. ಎಂಆರ್‌ಐ ಅಲ್ಲ ಸ್ವಾಮಿ, ಸಾದಾ ಎಕ್ಸ್‌ರೇ.

ಕೊನೆಗೆ ಹಿಡಿದವರು ವಯಸ್ಸಾದ ಒಬ್ಬ ಮರಾಠಿ ಡಾಕ್ಟರು. "ಕುಠೇ ದುಖತಂಯ್?" ಅಂದರು, ಎಲ್ಲಿ ನೋವು ಅಂತ. ನಾನು ಬೆರಳಿಟ್ಟು ತೋರಿಸಲಿಲ್ಲ. ಹೆಬ್ಬೆರಳು ಹಿಂದಕ್ಕೆ, ಉಳಿದ ಬೆರಳು ಮುಂದಕ್ಕೆ ಬರುವ ಹಾಗೆ ಸೊಂಟವನ್ನೇ ಕೈಯಲ್ಲಿ ಹಿಡಿದೆ. ಇಂಗ್ಲಿಷಿನ ಸಿ ಅಕ್ಷರದ ಹಾಗೆ. ಅವರು ಪೆನ್ನು ಕೆಳಗಿಟ್ಟರು. ಕೀಲಿನ ಒಳಗಿನ ನೋವು ಇರುವವರು ಹೀಗೇ ಹಿಡಿಯುತ್ತಾರಂತೆ. ಮಲಗಿಸಿ, ಮಂಡಿ ಮಡಚಿ, ಕಾಲನ್ನು ಒಳಕ್ಕೆ ತಿರುಗಿಸಿದರು. ನಾನು ಕೂಗಿದ್ದು ಹೊರಗೆ ಕೂತಿದ್ದ ಅಪ್ಪನಿಗೆ ಕೇಳಿಸಿತು. ಆಮೇಲೆ ಎಕ್ಸ್‌ರೇ, ಆಮೇಲೆ ಎಂಆರ್‌ಐ. ಗ್ಯಾಸ್ಕೆಟ್ ಹರಿದಿತ್ತು. ಗುಳಿ ಮಾಡಬೇಕಾದ ಕೆಲಸವನ್ನು ಅಷ್ಟು ವರ್ಷ ಅದು ಒಂದೇ ಮಾಡಿತ್ತು.

ನನ್ನ ಮೊದಲ ಪ್ರಶ್ನೆ, ಇದು ಎಲ್ಲಿಂದ ಬಂತು? ಡಾಕ್ಟರು ನನ್ನ ಬಿಟ್ಟು ಅಮ್ಮನನ್ನು ಕೇಳಲಿಕ್ಕೆ ಶುರು ಮಾಡಿದರು. ಮೊದಲ ಮಗುವಾ? ಹೌದು. ಹೆಣ್ಣು, ಅದು ಕಾಣುತ್ತಲೇ ಇದೆ. ಹೊಟ್ಟೆಯಲ್ಲಿ ತಲೆ ಮೇಲೆ ಇತ್ತಾ? ಹೌದು, ಅದಕ್ಕೇ ಸಿಸೇರಿಯನ್ ಆಯಿತು. ಎಡಗಡೆ? ಎಡಗಡೆ. ಅವರು ತಲೆ ಆಡಿಸಿದರು. ಈ ಕಾಯಿಲೆ ಹೆಣ್ಣುಮಕ್ಕಳಲ್ಲಿ ಗಂಡುಮಕ್ಕಳಿಗಿಂತ ಎಷ್ಟೋ ಪಟ್ಟು ಜಾಸ್ತಿ. ಚೊಚ್ಚಲು ಮಕ್ಕಳಲ್ಲಿ ಜಾಸ್ತಿ. ತಲೆ ಮೇಲಾಗಿ ಕೂತ ಮಕ್ಕಳಲ್ಲಿ ಜಾಸ್ತಿ. ಎಡಗಡೆ ಜಾಸ್ತಿ. ನಾನು ಎಲ್ಲ ವಿಷಯದಲ್ಲೂ ಪಾಸ್.

ಆಮೇಲೆ, "ಮನೆಯಲ್ಲಿ ಯಾರಾದರೂ ಕುಂಟುತ್ತಿದ್ದರಾ?" ಅಂದರು. ಅಮ್ಮ ಇಲ್ಲ ಅಂದಳು. ಅವತ್ತು ರಾತ್ರಿ ಅಜ್ಜಿ ಲಸೂಣ ಸುಲಿಯುತ್ತಾ ಕೂತಿದ್ದಳು. ಗದಗದ ಹತ್ತಿರದ ಹಳ್ಳಿಯವಳು, ಪುಣೆಗೆ ಬಂದು 40 ವರ್ಷ ಆದರೂ ಮಾತು ಬದಲಾಗಿಲ್ಲ. "ನಮ್ಮವ್ವ ಬಾತುಕೋಳಿ ನಡದಂಗ ನಡೀತಿದ್ಲು," ಅಂದಳು. "ಸಣ್ಣಾಕಿ ಇದ್ದಾಗ ಕಣದಾಗ ಬಿದ್ದಿದ್ಲು ಅಂತಿದ್ರು. ಬಿದ್ದಿದ್ದು ಯಾರೂ ನೋಡಿಲ್ಲ." ಎರಡೂ ಸೊಂಟ ಕೂರದಿದ್ದರೆ ನಡಿಗೆ ಬಾತುಕೋಳಿಯ ಹಾಗೇ ಆಗುತ್ತದೆ. ನನ್ನ ಮುತ್ತಜ್ಜಿಯದು ಅದೇನಾ ಅಂತ ಈಗ ಯಾವ ಎಕ್ಸ್‌ರೇಯೂ ಹೇಳಲ್ಲ. ಆ ಸೊಂಟದಲ್ಲೇ ಏಳು ಹೆತ್ತಳಂತೆ, ನೀರು ಹೊತ್ತಳಂತೆ. ಊರಲ್ಲಿ ಅವಳಿಗೆ ಇದ್ದ ಅಡ್ಡಹೆಸರು ಇಲ್ಲಿ ಹೇಳುವುದು ಬೇಡ.

(ಇಲ್ಲಿ ಅಜ್ಜಿ ಎರಡನೇ ಸಾಲಿನಿಂದ, "ಎಂಟು ಹಡದಿದ್ಲು, ಒಂದು ಹೋತು," ಅಂದಳು.)

ಸರಿ, ಎಂಟು.

ಹಿಂದೆ ಇದನ್ನು ಹುಟ್ಟಿನಿಂದಲೇ ಸೊಂಟ ತಪ್ಪಿದ್ದು ಅಂತ ಕರೆಯುತ್ತಿದ್ದರು. ಈಗ ಹೆಸರಿನಲ್ಲಿ "ಬೆಳವಣಿಗೆಯ" ಅನ್ನೋ ಪದ ಸೇರಿಸಿದ್ದಾರೆ, ಯಾಕಂದರೆ ಹುಟ್ಟುವಾಗ ಚೆನ್ನಾಗಿದ್ದ ಕೀಲೂ ಮೊದಲ ತಿಂಗಳುಗಳಲ್ಲಿ ಕೆಡಬಹುದು. ಇದು ಬಾಣಂತನ ಮಾಡುವವರು ಕೇಳಬೇಕಾದ ಮಾತು. ಕೂಸಿಗೆ ಎಣ್ಣೆ ನೀರು ಹಾಕಿ, ಕುಲಾವಿ ಕಟ್ಟಿ, ಆಮೇಲೆ ಹಳೇ ಸೀರೆಯಲ್ಲಿ ಕಾಲು ನೆಟ್ಟಗೆ ಎಳೆದು ಬಿಗಿಯಾಗಿ ಸುತ್ತುತ್ತೇವಲ್ಲ, ಕಾಲು ಸೊಟ್ಟ ಆಗಬಾರದು ಅಂತ? ಹುಟ್ಟಿದ ಕೂಸಿನ ಕಾಲು ಕಪ್ಪೆಯ ಹಾಗೆ ಮಡಚಿಕೊಂಡೇ ಇರಬೇಕು. ಆಗಲೇ ಗುಂಡು ಗುಳಿಯೊಳಗೆ ಒತ್ತಿ, ಗುಳಿ ಆಳ ಆಗುವುದು. ಜಪಾನಿನಲ್ಲಿ ಕಾಲು ಬಿಗಿದು ಸುತ್ತುವ ರೂಢಿ ಇತ್ತು. 1970ರ ದಶಕದಲ್ಲಿ ಬೇಡ ಅಂತ ದೇಶಕ್ಕೆಲ್ಲ ತಿಳಿಹೇಳಿದರು, ಸೊಂಟ ತಪ್ಪುವ ಕೂಸುಗಳ ಸಂಖ್ಯೆ ಧಡ್ ಅಂತ ಇಳಿಯಿತು. ಆದರೆ ನಮ್ಮ ಇನ್ನೊಂದು ರೂಢಿ ಬಂಗಾರದಂಥದ್ದು. ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು, ಸೊಂಟದ ಆಚೆಗೊಂದು ಈಚೆಗೊಂದು ಕಾಲು ಹಾಕಿ ಕೂರಿಸುತ್ತೇವಲ್ಲ, ಅದೇ ಸರಿಯಾದ ಭಂಗಿ. ಹಾಗೆ ಎತ್ತಿಕೊಂಡು ತಿರುಗುವ ನಾಡುಗಳಲ್ಲಿ ಈ ತೊಂದರೆ ಕಡಿಮೆ ಅಂತ ವೈದ್ಯರು ಗಮನಿಸಿದ್ದಾರೆ. ಅಂದರೆ ಅಜ್ಜಿ ಬೆಳಗ್ಗೆ ಸುತ್ತಿ ಕೆಡಿಸಿದ್ದನ್ನು ಸಂಜೆ ಎತ್ತಿಕೊಂಡು ಸರಿ ಮಾಡುತ್ತಿದ್ದಳು.

ನಾನು ತಮಾಷೆಗೆ ಅಂದೆ. ಅಜ್ಜಿ ನಿಜವಾಗಿಯೂ ಎರಡು ದಿನ ಅತ್ತಿದ್ದಾಳೆ, ನಾನೇ ಸುತ್ತಿದ್ದೆ ಅಂತ. ತಲೆ ಮೇಲಾಗಿದ್ದ ಚೊಚ್ಚಲು ಹೆಣ್ಣು ಕೂಸು ನಾನು, ಸೀರೆ ಕೈಗೆ ಬರುವ ಮೊದಲೇ ಅರ್ಧ ಕೆಲಸ ಆಗಿತ್ತು ಅಂತ ಡಾಕ್ಟರೇ ಅವಳಿಗೆ ಹೇಳಬೇಕಾಯಿತು.

ಕೂಸಿದ್ದಾಗ ಸಿಕ್ಕಿದ್ದರೆ ಚಾಕು ಕತ್ತರಿ ಏನೂ ಬೇಕಿರಲಿಲ್ಲ. ಕಾಲು ಅಗಲಿಸಿ ಗುಂಡು ಟಕ್ ಅಂತ ಒಳಗೆ ಹೋಗುತ್ತದಾ ಅಂತ ಕೈಯಲ್ಲೇ ನೋಡುವ ಪರೀಕ್ಷೆಯನ್ನು ಇಟಲಿಯ ಓರ್ಟೋಲಾನಿ 1930ರ ದಶಕದಲ್ಲೇ ಹೇಳಿದ್ದರು. 1980ರಲ್ಲಿ ಆಸ್ಟ್ರಿಯಾದ ಗ್ರಾಫ್ ಸೋನೋಗ್ರಫಿಯಲ್ಲಿ ನೋಡುವುದನ್ನು ತೋರಿಸಿದರು. ತೊಂದರೆ ಇದ್ದರೆ ಪಾವ್ಲಿಕ್ ಪಟ್ಟಿ ಅಂತ ಒಂದು ಬಟ್ಟೆಯ ಪಟ್ಟಿ ಹಾಕುತ್ತಾರೆ. ಪಾವ್ಲಿಕ್ ಚೆಕ್ ವೈದ್ಯರು. ಹೆಗಲಿನಿಂದ ಪಾದಕ್ಕೆ ಪಟ್ಟಿ, ಕಾಲು ಕಪ್ಪೆಯ ಹಾಗೆ. ಆರು ತಿಂಗಳೊಳಗೆ ಶುರು ಮಾಡಿದರೆ ಹೆಚ್ಚಿನ ಕೂಸುಗಳಿಗೆ ಅಷ್ಟೇ ಸಾಕು. ನಿಮ್ಮ ಮನೆಯಲ್ಲಿ ತಲೆ ಮೇಲಾದ ಕೂಸು ಹುಟ್ಟಿದರೆ ಆರು ವಾರದ ಹೊತ್ತಿಗೆ ಸೊಂಟದ ಸೋನೋಗ್ರಫಿ ಬೇಕಾ ಅಂತ ಡಾಕ್ಟರನ್ನು ಕೇಳಿ. ಬಾಯಿಬಿಟ್ಟು ಕೇಳಿ. ನಮ್ಮಮ್ಮನಿಗೆ ಯಾರೂ ಹೇಳಿರಲಿಲ್ಲ.

ಈಗ ಬುಧವಾರದ ಕಥೆ.

ಆಪರೇಷನ್ ಹೆಸರು ಉದ್ದ, ಪೆರಿಅಸಿಟ್ಯಾಬ್ಯುಲರ್ ಆಸ್ಟಿಯೋಟಮಿ. ಎಲ್ಲರೂ ಪಿಎಓ ಅಂತಾರೆ. ಸ್ವಿಟ್ಜರ್‌ಲ್ಯಾಂಡಿನ ಬರ್ನ್‌ನಲ್ಲಿ ರೈನ್‌ಹೋಲ್ಡ್ ಗಾಂಜ್ ಮತ್ತು ಅವರ ಜೊತೆಗಾರರು 1980ರ ದಶಕದಲ್ಲಿ ಕಂಡುಹಿಡಿದು 1988ರಲ್ಲಿ ಪ್ರಕಟಿಸಿದರು. ಗುಳಿಯ ಸುತ್ತಲಿನ ಮೂಳೆಯನ್ನು ಕೊಯ್ದು, ಗುಳಿಯನ್ನು ಪೂರ್ತಿ ಬಿಡಿಸುತ್ತಾರೆ. ಆಮೇಲೆ ಅದನ್ನು ಗುಂಡಿನ ಮೇಲೆ ಟೋಪಿಯ ಹಾಗೆ ಹೊರಳಿಸಿ, ಮೂರು ನಾಲ್ಕು ಸ್ಕ್ರೂ ಹಾಕಿ ಕೂರಿಸುತ್ತಾರೆ. ಒರಳನ್ನು ಬದಲಿಸುವುದಿಲ್ಲ, ವಾಲಿಸುತ್ತಾರೆ. ಸೊಂಟದ ಹಿಂಭಾಗದ ಮೂಳೆ ಕಂಬವನ್ನು ಮುಟ್ಟುವುದಿಲ್ಲ. ಅದು ಗಟ್ಟಿ ಇರುವುದರಿಂದಲೇ ಒಂದೆರಡು ದಿನಕ್ಕೆ ಊರುಗೋಲು ಹಿಡಿದು ಎಬ್ಬಿಸಲಿಕ್ಕೆ ಆಗುವುದು.

ಅಪ್ಪ ಕೇಳಿದರು, "ಎಲ್ಲರೂ ಸೊಂಟದ ಕೀಲು ಬದಲಿಸುತ್ತಾರಲ್ಲ, ಅದೇ ಸುಲಭ ಅಲ್ವಾ?" ಅಂತ. ಕೃತಕ ಕೀಲು ಅಜ್ಜಿಯ ವಯಸ್ಸಿಗೆ ಚೆನ್ನ. 20ಕ್ಕೆ ಹಾಕಿದರೆ ಬದುಕಿನಲ್ಲಿ ಮತ್ತೆ ಬದಲಿಸಬೇಕಾಗಿ ಬರುತ್ತದೆ. ನನ್ನ ಗುಂಡಿನ ಮೇಲಿನ ಮೆದು ಎಲುಬು ಇನ್ನೂ ಚೆನ್ನಾಗಿದೆ. ಅದು ಸವೆಯುವ ಮೊದಲೇ ಮಾಡಿದರೆ ಮಾತ್ರ ಪಿಎಓಗೆ ಅರ್ಥ. ಬರ್ನ್‌ನಲ್ಲಿ ಮೊದಮೊದಲು ಮಾಡಿದ 75 ಸೊಂಟಗಳನ್ನು 20 ವರ್ಷದ ನಂತರ ನೋಡಿದಾಗ ನೂರಕ್ಕೆ 60ರಷ್ಟು ಉಳಿದಿದ್ದವು. ಚಿಕ್ಕ ವಯಸ್ಸಿನವರದು, ಸವೆತ ಇಲ್ಲದವರದು ಹೆಚ್ಚು ಉಳಿದಿದ್ದವು. ನನ್ನ ತಮ್ಮ ಇದನ್ನು ಕೇಳಿ "40 ಹೋದವಲ್ಲ" ಅಂದ. ಅವನು ಸಿಎ ಓದುತ್ತಿದ್ದಾನೆ, ಬಿಡಿ.

ಹರಿದ ಗ್ಯಾಸ್ಕೆಟ್ ಒಂದನ್ನೇ ಸಣ್ಣ ತೂತು ಮಾಡಿ ಹೊಲಿಸಿಬಿಡೋಣ ಅಂತಲೂ ನಾನು ಕೇಳಿದೆ. ಮೂರು ತಿಂಗಳಿಗೆ ವಾಪಸ್ ರಿಂಕ್‌ಗೆ ಹೋಗುವ ಆಸೆ. ಡಾಕ್ಟರು ಹೇಳಿದ್ದು, ಚಾವಣಿ ಇಲ್ಲದ ಮನೆಗೆ ಹೊಸ ಪರದೆ ಹಾಕಿದರೆ ಏನು ಉಪಯೋಗ, ಮತ್ತೆ ಹರಿಯುತ್ತದೆ.

ಕಷ್ಟಗಳನ್ನು ಬಚ್ಚಿಡಲ್ಲ. ಮೂರು ನಾಲ್ಕು ಗಂಟೆಯ ಆಪರೇಷನ್. ರಕ್ತ ಹೋಗುತ್ತದೆ. ತೊಡೆಯ ಹೊರಗಡೆ ಚರ್ಮ ಜೋಮು ಹಿಡಿದ ಹಾಗೆ ಮರಗಟ್ಟಬಹುದು, ಕೆಲವರಿಗೆ ಅದು ಹಾಗೇ ಉಳಿಯುತ್ತದೆ. ಆರರಿಂದ ಎಂಟು ವಾರ ಊರುಗೋಲು. ನಮ್ಮದು ಮೂರನೇ ಮಹಡಿ, ಲಿಫ್ಟ್ ಇಲ್ಲ. ಒಳ್ಳೆ ಕಾಲು ಮೊದಲು ಮೇಲಕ್ಕೆ, ಕೆಟ್ಟ ಕಾಲು ಮೊದಲು ಕೆಳಕ್ಕೆ. ಮೆಟ್ಟಿಲು ಹತ್ತುವುದನ್ನು ಈಗಲೇ ಅಭ್ಯಾಸ ಮಾಡುತ್ತಿದ್ದೇನೆ. ಕೆಳಗಿನ ಮನೆಯ ಜೋಶಿ ಆಜೋಬಾ ಬಾಗಿಲು ತೆಗೆದು ನಿಂತು ನೋಡುತ್ತಾರೆ, ಅಂಕ ಕೊಡುವವರ ಹಾಗೆ. ಜಂಪ್ ಅನ್ನೋ ಮಾತು ಆರು ತಿಂಗಳವರೆಗೆ ಎತ್ತಬೇಡ ಅಂದಿದ್ದಾರೆ.

ಇನ್ಶೂರೆನ್ಸ್‌ನವರು ಮೊದಲು ಹುಟ್ಟು ದೋಷ ಅಂತ ಕಾಗದ ವಾಪಸ್ ಕಳಿಸಿದರು. ಪಾಲಿಸಿಯಲ್ಲಿ ಹೊರಗೆ ಕಾಣುವ ಹುಟ್ಟು ದೋಷ ಬೇರೆ, ಮೈಯೊಳಗಿನದು ಬೇರೆ. ಡಾಕ್ಟರು ಅದನ್ನು ಬಿಡಿಸಿ ಪತ್ರ ಬರೆದ ಮೇಲೆ ಒಪ್ಪಿದರು. ನಿಮ್ಮ ಪಾಲಿಸಿಯ ಸಣ್ಣ ಅಕ್ಷರ ಇವತ್ತೇ ಓದಿ.

ಮತ್ತೆ ಸ್ಕೇಟ್ ಮಾಡುತ್ತೀಯಾ ಅಂತ ಎಲ್ಲರೂ ಕೇಳುತ್ತಾರೆ. ಕೇಳುವಾಗ ದನಿ ಇಳಿಸುತ್ತಾರೆ, ಹರಕೆ ಹೊತ್ತವರ ಹಾಗೆ. ನಾನು ಉತ್ತರಕ್ಕೆ ದೊಡ್ಡ ದೊಡ್ಡ ಸ್ಕೇಟರ್‌ಗಳ ಕಥೆ ಹುಡುಕಿದೆ. 1998ರ ನಾಗಾನೊ ಒಲಿಂಪಿಕ್ಸ್‌ನಲ್ಲಿ 15ನೇ ವಯಸ್ಸಿಗೆ ಚಿನ್ನ ಗೆದ್ದ ತಾರಾ ಲಿಪಿನ್‌ಸ್ಕಿ 2000ದಲ್ಲಿ ಸೊಂಟದ ಆಪರೇಷನ್ ಮಾಡಿಸಿಕೊಂಡರು, ಗ್ಯಾಸ್ಕೆಟ್ ಹರಿದಿತ್ತು. ಮಿಶೆಲ್ ಕ್ವಾನ್ 2006ರ ಟ್ಯೂರಿನ್ ಒಲಿಂಪಿಕ್ಸ್‌ನಿಂದ ಹಿಂದೆ ಸರಿದು ಅದೇ ವರ್ಷ ಮಾಡಿಸಿಕೊಂಡರು. ಆಮೇಲೆ ಸ್ಪರ್ಧೆಗೆ ಇಳಿಯಲಿಲ್ಲ. ರೂಡಿ ಗಲಿಂಡೊಗೆ 2003ರಲ್ಲಿ ಎರಡೂ ಸೊಂಟ ಬದಲಿಸಿದರು, ಅವರು ಮತ್ತೆ ಐಸ್ ಮೇಲೆ ಜಂಪ್ ಮಾಡಿದರು. ಯಾರದೂ ನನ್ನ ಕಾಯಿಲೆ ಅಲ್ಲ. ಇವರ ಕಥೆ ಓದಿ ಒಂದು ರಾತ್ರಿ ಧೈರ್ಯ ಬರುತ್ತದೆ, ಇನ್ನೊಂದು ರಾತ್ರಿ ಹೋಗುತ್ತದೆ.

ನನ್ನ ಲೆಕ್ಕ ಬೇರೆ. ಗುಳಿಯನ್ನು ಗುಂಡಿನ ಮೇಲೆ ಹೊರಳಿಸಿದ ಮೇಲೆ ನನ್ನ ಕಾಲು ಹಿಂದಿನಿಂದ ಅಷ್ಟು ಎತ್ತರಕ್ಕೆ ಹೋಗಲಿಕ್ಕಿಲ್ಲ. ಹೋಗಬಾರದು ಕೂಡ. ಅಂದರೆ ಹೋದ ವರ್ಷ ನೀವು ಚಪ್ಪಾಳೆ ಹೊಡೆದದ್ದನ್ನು ನಾನು ಕೊಯ್ಯಿಸಿಕೊಳ್ಳಲಿಕ್ಕೆ ಹೋಗುತ್ತಿದ್ದೇನೆ. ಅದಿಲ್ಲದೆ ನನಗೆ ಎಷ್ಟು ಸ್ಕೇಟಿಂಗ್ ಬರುತ್ತದೆ ಅಂತ ನನಗೇ ನೋಡಬೇಕಿದೆ. ವೃತ್ತ ಬರೆಯಲಿಕ್ಕಂತೂ ಕಾಲು ತಲೆ ಮೇಲೆ ಹೋಗಬೇಕಾಗಿಲ್ಲ.

ಪ್ರಶ್ನೆ ಇದ್ದರೆ ಕೇಳಿ ಅಂದೆ. ಮೌಶಿ ಒಬ್ಬರು ಎದ್ದು, ಸುತ್ತಿ ಬಳಸಿ, "ಮುಂದೆ ಮದುವೆ ಆದ ಮೇಲೆ..." ಅಂದರು. ಹೆರಿಗೆ ಆಗುತ್ತದಾ ಅಂತ ತಾನೇ ಮೌಶಿ? ಆಗುತ್ತದೆ. ಈ ಆಪರೇಷನ್‌ನಲ್ಲಿ ಹೆರಿಗೆಯ ದಾರಿ ಕಿರಿದಾಗುವುದಿಲ್ಲ, ಸಹಜ ಹೆರಿಗೆ ಆದವರು ಎಷ್ಟೋ ಜನ ಇದ್ದಾರೆ. ವರನ ಕಡೆಯವರು ಕೇಳಿದರೆ ಈ ಎಕ್ಸ್‌ರೇಯನ್ನೇ ಕಳಿಸೋಣ, ಜಾತಕಕ್ಕಿಂತ ಸ್ಪಷ್ಟವಾಗಿದೆ. ಆಮೇಲೆ ಒಬ್ಬ ಪುಟ್ಟ ಹುಡುಗ, "ಅಕ್ಕಾ, ಸ್ಕ್ರೂ ತುಕ್ಕು ಹಿಡಿಯಲ್ವಾ?" ಅಂದ. ಹಿಡಿಯಲ್ಲ ಪುಟ್ಟ. ಬೇಕಾದರೆ ಮುಂದೆ ಒಂದು ದಿನ ತೆಗೆಸಬಹುದು. ತೆಗೆದರೆ ಒಂದು ನಿನಗೆ ಕೊಡುತ್ತೇನೆ.

ಅಷ್ಟೇ. ಚಹಾ ತಣ್ಣಗಾಗುತ್ತಿದೆ. ಎಕ್ಸ್‌ರೇ ಎಲ್ಲಿಯವರೆಗೆ ಹೋಯಿತು? ಹಿಂದಿನ ಸಾಲಿನವರು ದಯವಿಟ್ಟು ಮುಂದೆ ಕಳಿಸಿ. ಬುಧವಾರ ಬೆಳಗ್ಗೆ 7ಕ್ಕೆ ಅಡ್ಮಿಟ್ ಆಗುವಾಗ ತರಲಿಕ್ಕೆ ಹೇಳಿದ್ದಾರೆ.